ಕಪ್ಪು ನಾಯಿಯ ಫೋಟೊ ತೆಗೆದರೆ ಬರೀ ಕರಿ ಮುದ್ದೆಯ ಹಾಗೆ ಬರುವುದೇಕೆ?

ಹೆಚ್ಚಿನ ಸಲ ನಾಯಿಗಿಂತ ಅದರ ಹಿಂದೆ ಬೆಳಕು ಜಾಸ್ತಿ ಇರುವುದೇ ಕಾರಣ. ಮೊಬೈಲ್ ಕ್ಯಾಮೆರಾ ಇಡೀ ದೃಶ್ಯದ ಬೆಳಕು ನೋಡಿ ಸರಾಸರಿ ಹೊಂದಿಸುತ್ತದೆ. ಹಿಂದೆ ಬಿಸಿಲು ಬಿದ್ದ ಅಂಗಳವೋ ಬಿಳಿ ಗೋಡೆಯೋ ಇದ್ದರೆ, ಅದು ಬೆಳ್ಳಗಾಗಿ ಹೋಗದಿರಲಿ ಅಂತ ಒಟ್ಟು ಬೆಳಕನ್ನೇ ತಗ್ಗಿಸುತ್ತದೆ. ಕಪ್ಪು ಕೂದಲು ಮೊದಲೇ ಬೆಳಕು ಹೀರಿಕೊಳ್ಳುವಂಥದ್ದು. ಹಾಗಾಗಿ ಕಣ್ಣು, ಮೂಗು ಎಲ್ಲವೂ ಅದೇ ಕಪ್ಪಲ್ಲಿ ಮುಳುಗಿಬಿಡುತ್ತವೆ.

ನಾಯಿಯನ್ನು ಹೊಸ್ತಿಲ ಒಳಗೆ, ಮುಖ ಹೊರಗೆ ಮಾಡಿ ಕೂರಿಸಿ. ನೀವು ಹೊರಗೆ, ಬಾಗಿಲಿಗೆ ಸ್ವಲ್ಪ ಪಕ್ಕದಲ್ಲಿ, ಅದರ ಕಣ್ಣಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಪರದೆಯಲ್ಲಿ ಕಾಣುವ ಅದರ ಮುಖವನ್ನು ಬೆರಳಿನಿಂದ ಮುಟ್ಟಿ. ಈಗ ಕ್ಯಾಮೆರಾ ಮುಖದ ಬೆಳಕನ್ನೇ ಅಳೆಯುತ್ತದೆ. ಇನ್ನೂ ಕಪ್ಪೆನಿಸಿದರೆ, ಅಲ್ಲೇ ಕಾಣುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಎಳೆಯಿರಿ. ನಾಯಿಯ ಕಣ್ಣಲ್ಲಿ ಬಾಗಿಲಾಚೆಯ ಬೆಳಕು ಚಿಕ್ಕ ಬಿಳಿ ಚುಕ್ಕೆಯಾಗಿ ಮಿನುಗುತ್ತದೆ ನೋಡಿ, ಆಗ ಕ್ಲಿಕ್ ಮಾಡಿ. ಆ ಒಂದು ಚುಕ್ಕೆಯಿಂದಲೇ ಮುಖಕ್ಕೆ ಜೀವ ಬರುತ್ತದೆ.

ಫ್ಲ್ಯಾಶ್ ಮಾತ್ರ ಬೇಡ. ನಾಯಿಯ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಕನ್ನಡಿಯಂತೆ ಮರಳಿಸುವ ಪದರ ಇರುತ್ತದೆ. ಫೋಟೊದಲ್ಲಿ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಹೊಳೆದು, ನಿಮ್ಮ ನಾಯಿಯ ಗುರುತೇ ಸಿಗುವುದಿಲ್ಲ.