ಸರ್ವರ್ ಎದ್ದರೂ ಕಡತ ಏಳದಿದ್ದರೆ

ಪ್ರಶ್ನೆ: ಪುಣೆಯ ಭೋಸರಿಯಲ್ಲಿರುವ ನಮ್ಮ ಡ್ರಾಯಿಂಗ್ ಆಫೀಸಿನ ಆರು ಲಿನಕ್ಸ್ ಕಂಪ್ಯೂಟರುಗಳು ಒಂದೇ ಲಿನಕ್ಸ್ ಸರ್ವರಿನ ಕಡತಗಳನ್ನು ಎನ್‌ಎಫ್‌ಎಸ್ 4.1 (ಜಾಲದಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಮೂಲಕ ಬಳಸುತ್ತವೆ. ಗುರುವಾರ ಕರೆಂಟ್ ಹೋದಾಗ ಇನ್ವರ್ಟರ್ ಇರುವುದರಿಂದ ಇವು ನಡೆಯುತ್ತಲೇ ಇರುತ್ತವೆ, ಸರ್ವರ್ ಮಾತ್ರ ಆರುತ್ತದೆ. ಅದು ಮತ್ತೆ ಎದ್ದ ಮೇಲೂ ಸುಮಾರು ಒಂದೂವರೆ ನಿಮಿಷ ಎಲ್ಲವೂ ಸ್ತಬ್ಧವಾಗಿರುತ್ತದೆ. ಕೆಲವು ಸಲ 'ಸ್ಟೇಲ್ ಫೈಲ್ ಹ್ಯಾಂಡಲ್' ಎಂಬ ದೋಷವೂ ಬರುತ್ತದೆ. 'ಸಾಫ್ಟ್' ಮೌಂಟ್ (ಸರ್ವರಿನ ಕಡತಗಳನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆ) ಮಾಡಿದರೆ ಸರಿಹೋದೀತೇ?
— ಓದುಗರೊಬ್ಬರು, ಭೋಸರಿ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬರೆದ ದತ್ತಾಂಶ ಡಿಸ್ಕಿಗೆ ಸೇರಿತೆಂದು ಸರ್ವರ್ ಖಚಿತಪಡಿಸುವವರೆಗೂ ಕ್ಲೈಂಟ್ (ಅಂದರೆ ನಿಮ್ಮ ಕಂಪ್ಯೂಟರು) ಅದರ ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡಿದ್ದು, ನಡುವೆ ಸರ್ವರ್ ಮರುಪ್ರಾರಂಭವಾಗಿದ್ದು ಗೊತ್ತಾದರೆ ಅದನ್ನೇ ಮತ್ತೊಮ್ಮೆ ಕಳುಹಿಸುತ್ತದೆ. 'ಹಾರ್ಡ್' ಮೌಂಟಿನಲ್ಲಿ ಕ್ಲೈಂಟ್ ಎಷ್ಟು ಹೊತ್ತಾದರೂ ಕಾಯುತ್ತದೆ. 'ಸಾಫ್ಟ್' ಆದರೆ ಅವಧಿ ಮುಗಿದೊಡನೆ ತಂತ್ರಾಂಶಕ್ಕೆ ದೋಷ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ, ನಿಮ್ಮ ನಕ್ಷೆ ಅರ್ಧ ಬರೆದ ಸ್ಥಿತಿಯಲ್ಲೇ ಉಳಿಯಬಹುದು.

ಒಂದೂವರೆ ನಿಮಿಷದ ಸ್ತಬ್ಧತೆ ರೋಗವಲ್ಲ. ಯಾರು ಯಾವ ಕಡತಕ್ಕೆ ಬೀಗ ಹಾಕಿದ್ದರೆಂಬುದು ಸರ್ವರಿನ ಮೆಮೊರಿಯಲ್ಲಷ್ಟೇ ಇದ್ದು ಕರೆಂಟಿನೊಡನೆ ಅಳಿಸಿಹೋಗುವುದರಿಂದ, ಹಳೆಯ ಕ್ಲೈಂಟುಗಳು ತಮ್ಮ ಬೀಗಗಳನ್ನು ಮರಳಿ ಪಡೆಯಲೆಂದು ಅದು ಸಾಮಾನ್ಯವಾಗಿ 90 ಸೆಕೆಂಡುಗಳ ಕಾಲಾವಕಾಶ ನೀಡಿ, ಅಲ್ಲಿಯವರೆಗೆ ಹೊಸ ಬೀಗಗಳನ್ನು ನಿರಾಕರಿಸುತ್ತದೆ.

ನಿಜವಾದ ತೊಂದರೆ ಆ 'ಸ್ಟೇಲ್ ಫೈಲ್ ಹ್ಯಾಂಡಲ್' ದೋಷ. ಕ್ಲೈಂಟ್ ಕಡತವನ್ನು ಗುರುತಿಸುವುದು ಹೆಸರಿನಿಂದಲ್ಲ, ಸರ್ವರ್ ಕೊಟ್ಟ ಹ್ಯಾಂಡಲ್ ಎಂಬ ಗುರುತಿನಿಂದ. ಅದರಲ್ಲಿ ಫೈಲ್ ಸಿಸ್ಟಮ್ಮಿನ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಗುರುತೂ ಸೇರಿರುತ್ತದೆ. ಸರ್ವರ್ ಏಳುವಾಗ ಡೇಟಾ ಡಿಸ್ಕ್ ಮೌಂಟ್ ಆಗುವ ಮುನ್ನವೇ ಎನ್‌ಎಫ್‌ಎಸ್ ಸೇವೆ ಆರಂಭವಾದರೆ ಹಂಚಿಕೆಯಾಗುವುದು ಅದರಡಿಯ ಖಾಲಿ ಫೋಲ್ಡರು, ಆಗ ಹಳೆಯ ಹ್ಯಾಂಡಲ್‌ಗೆ ದಿಕ್ಕೇ ಇಲ್ಲ. ಕೆಲವೇ ಸಲ ಹೀಗಾಗುತ್ತದೆಂದು ನೀವು ಬರೆದಿರುವುದರಿಂದ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಹಂಚುವ ಫೋಲ್ಡರುಗಳ ಪಟ್ಟಿಯಿರುವ, ಸರ್ವರಿನ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಈ ಫೋಲ್ಡರಿನ ಸಾಲಿಗೆ 'ಮೌಂಟ್‌ಪಾಯಿಂಟ್' ಆಯ್ಕೆಯನ್ನು ಸೇರಿಸಿದರೆ ಡಿಸ್ಕ್ ಬರುವವರೆಗೆ ಹಂಚಿಕೆ ನಡೆಯದು. 'ಎಫ್‌ಎಸ್‌ಐಡಿ' (ಫೈಲ್ ಸಿಸ್ಟಮ್ಮಿನ ಗುರುತು) ಆಯ್ಕೆಗೂ ಒಂದು ಸಂಖ್ಯೆ ಕೊಡಿ; ಡಿಸ್ಕಿನ ಸಾಧನ ಸಂಖ್ಯೆ ಬದಲಾದರೂ ಗುರುತು ಉಳಿಯುತ್ತದೆ. ಹೊಸ ಸಂಖ್ಯೆ ಕೊಟ್ಟೊಡನೆ ಈಗಿನ ಹ್ಯಾಂಡಲ್‌ಗಳು ಒಮ್ಮೆ ಹಳಸುವುದರಿಂದ, ಎಲ್ಲ ಕಂಪ್ಯೂಟರುಗಳಲ್ಲೂ ಮೊದಲೇ ಅನ್‌ಮೌಂಟ್ ಮಾಡಿಟ್ಟು, ಬದಲಾವಣೆಯ ನಂತರ ಮತ್ತೆ ಮೌಂಟ್ ಮಾಡಿ.