ಐನೂರು ಸಸಿ ಬೇಡ, ಇಪ್ಪತ್ತೇಳು ಸಾಕು

ಓದುಗರ ಪತ್ರ: ನಾವು ಕೆಲವು ಗೆಳೆಯರು ಪ್ರತಿ ಭಾನುವಾರ ಬೆಳಿಗ್ಗೆ ಕೋಟೆಗೋಡೆಯ ಪಕ್ಕದ ಕಸ ತೆಗೆಯುತ್ತೇವೆ. ನಲವತ್ತು ಜನರಿಂದ ಶುರುವಾದದ್ದು ಈಗ ಒಂಬತ್ತಕ್ಕೆ ಇಳಿದಿದೆ. ಬುಧವಾರದ ಹೊತ್ತಿಗೆ ಕಸ ಮತ್ತೆ ಅಲ್ಲೇ ಇರುತ್ತದೆ. ‘ಪಾಲಿಕೆಯ ಕೆಲಸವನ್ನು ನೀವು ಮಾಡಿ ಅವರನ್ನು ಸೋಮಾರಿಗಳನ್ನಾಗಿ ಮಾಡುತ್ತಿದ್ದೀರಿ’ ಎಂದು ಅಪ್ಪ ಬೈಯುತ್ತಾರೆ. ಜೂನ್ 5ರಂದು ಕಂದಕದ ಅಂಚಿನಲ್ಲಿ ಅರಳಿ, ಬೇವಿನ ಐನೂರು ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಮುಖ್ಯ ಅತಿಥಿಗಳನ್ನೂ ಕರೆಯಬೇಕೆಂದಿದ್ದೇವೆ. ಇದರಿಂದ ಜನ ಮತ್ತೆ ಸೇರಬಹುದೇ? — ಓದುಗರೊಬ್ಬರು, ವಿಜಯಪುರ

ಸಂಪಾದಕರ ಉತ್ತರ:

ನಿಮ್ಮ ತಂದೆಯವರ ಮಾತಿನಲ್ಲಿ ಅರ್ಧ ನಿಜವಿದೆ. ದಿನದ ಕಸ ಎತ್ತುವುದು ಪೌರಕಾರ್ಮಿಕರ ಕೆಲಸ. ಅವರಿಗೆ ಸಂಬಳ, ಗಾಡಿ, ಕೈಗವಸು ಒದಗಿಸುವುದು ನಗರಾಡಳಿತದ ಕೆಲಸ. ನಾವು ಕರ ಕಟ್ಟುವುದು ಅದಕ್ಕೇ. ಒಂಬತ್ತು ಜನ ವಾರಕ್ಕೊಮ್ಮೆ ಬಾಗಿ ಅದನ್ನೇ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆಯೇ ಹೊರತು ಊರು ಸ್ವಚ್ಛವಾಗುವುದಿಲ್ಲ. ಆದರೆ ಕಸದ ಹಿಂದೆಯೇ ಓಡುವ ಪೌರಕಾರ್ಮಿಕರಿಗೆ ಮಾಡಲು ಬಿಡುವೇ ಸಿಗದ ಕೆಲಸವೊಂದಿದೆ. ಅದು ಕಸ ಎಲ್ಲಿಂದ ಬರುತ್ತದೆ ಎಂದು ನಿಂತು ನೋಡುವುದು.

ಮುಂದಿನ ಎರಡು ವಾರ ಕಸಬರಿಗೆಯನ್ನು ಮನೆಯಲ್ಲೇ ಬಿಡಿ. ಬೆಳಿಗ್ಗೆ ಸ್ವಲ್ಪ ಹೊತ್ತು, ಅಂಗಡಿ ಮುಚ್ಚುವ ಸಮಯದಲ್ಲಿ ಸ್ವಲ್ಪ ಹೊತ್ತು, ಇಬ್ಬಿಬ್ಬರಂತೆ ಅಲ್ಲಿ ನಿಲ್ಲಿ. ಜಗಳ ಬೇಡ, ವಿಡಿಯೊ ಮಾಡಿ ಯಾರ ಮಾನವನ್ನೂ ಹರಾಜು ಹಾಕಬೇಡಿ. ರಾಶಿಯನ್ನು ಕೆದಕಿದರೂ ಅರ್ಧ ಕಥೆ ಗೊತ್ತಾಗುತ್ತದೆ. ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು, ಎಣ್ಣೆ ಮೆತ್ತಿದ ಕಾಗದ ಒಂದೇ ಚೀಲದಲ್ಲಿದ್ದರೆ ಅದು ರಾತ್ರಿಯ ತಳ್ಳುಗಾಡಿಯದು. ಮಗುವಿನ ಡೈಪರ್, ಸೋಸಿದ ಚಹಾಪುಡಿ, ಹರಿದ ನೋಟುಪುಸ್ತಕ ಇದ್ದರೆ ಕಸದ ಗಾಡಿ ಬರುವ ಮೊದಲೇ ಬೀಗ ಹಾಕಿ ಕೆಲಸಕ್ಕೆ ಹೋಗುವವರದು. ಒಡೆದ ಟೈಲ್ಸ್, ಗಾರೆಯ ಚಕ್ಕೆ ಟ್ರ್ಯಾಕ್ಟರಿನಲ್ಲಿ ಬಂದದ್ದು. ಮೂರಕ್ಕೂ ಮದ್ದು ಬೇರೆ. ಮೊದಲನೆಯವರಿಗೆ ರಾತ್ರಿ ಗಾಡಿ ಬೇಕು, ಎರಡನೆಯವರಿಗೆ ಗಾಡಿಯ ಹೊತ್ತು ಬದಲಾಗಬೇಕು, ಮೂರನೆಯವರಿಗೆ ದಂಡ ಬೀಳಬೇಕು. ಕಟ್ಟಡದ ಅವಶೇಷಗಳ ವಿಲೇವಾರಿಗೆ 2016ರಲ್ಲೇ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದೆ. ನೀವು ಕಂಡದ್ದನ್ನು ದಿನಾಂಕ ಹಾಕಿ ಬರೆದು ಆರೋಗ್ಯ ನಿರೀಕ್ಷಕರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಮನವಿಗಿಂತ ಇಂಥ ಪಟ್ಟಿಗೆ ತೂಕ ಹೆಚ್ಚು.

ಇನ್ನು ಸಸಿಗಳ ಮಾತು. ಕೋಟೆಯ ಹತ್ತಿರ ಅರಳಿ ಖಂಡಿತ ಬೇಡ. ನಮ್ಮೂರಿನ ಹಳೆಯ ಗೋಡೆಗಳನ್ನು ಹತ್ತಿರ ಹೋಗಿ ನೋಡಿ: ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜ ಗಾರೆಯ ಸಂದಿಯಲ್ಲಿ ಮೊಳೆತು, ಬೇರು ದಪ್ಪವಾಗುತ್ತಾ ಕಲ್ಲನ್ನೇ ಹೊರಕ್ಕೆ ತಳ್ಳುತ್ತದೆ. ಅರಳಿ, ಆಲ, ಅತ್ತಿ ಮೂರೂ ಒಂದೇ ಕುಲದವು, ಮೂರರದೂ ಅದೇ ಚಾಳಿ. ಇದಲ್ಲದೆ, ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಪುರಾತತ್ವ ಇಲಾಖೆಯ ಅನುಮತಿ ಇಲ್ಲದೆ ಗುದ್ದಲಿ ಹಾಕುವಂತಿಲ್ಲ; 1958ರ ಕಾಯ್ದೆಯ ಕೆಳಗೆ ಅದು ಅಪರಾಧ. ಶಾಲೆಯ ಬಯಲು, ಬಡಾವಣೆಯ ರಸ್ತೆಬದಿ ಹುಡುಕಿ. ಅಲ್ಲಿ ಬೇವು, ಹೊಂಗೆ, ಹುಣಸೆ ಹಾಕಿ. ಬೇಗ ಬೆಳೆಯುತ್ತದೆಂದು ಕೋನೋಕಾರ್ಪಸ್ ಎಂಬ ವಿದೇಶಿ ಗಿಡ ತರಬೇಡಿ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿದೆ.

ಐನೂರು ಎಂಬ ಸಂಖ್ಯೆ ಎಲ್ಲಿಂದ ಬಂತು? ಬ್ಯಾನರಿಗೆ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಗುಮಾನಿ. ಬೇಸಿಗೆಯಲ್ಲಿ ಒಂದು ಸಸಿಗೆ ವಾರಕ್ಕೆ ಎರಡು ಕೊಡ, ಅಂದರೆ ಸುಮಾರು 30 ಲೀಟರ್ ಎಂದು ಹಿಡಿಯಿರಿ. ಐನೂರಕ್ಕೆ 15,000 ಲೀಟರ್, ಐದು ಸಾವಿರ ಲೀಟರಿನ ಮೂರು ಟ್ಯಾಂಕರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ ಐವತ್ತು ಟ್ಯಾಂಕರ್. ಇದು ಒಂದು ಬೇಸಿಗೆಯ ಲೆಕ್ಕ; ಸಸಿ ತನ್ನ ಕಾಲ ಮೇಲೆ ನಿಲ್ಲಲು ಕನಿಷ್ಠ ಎರಡು ಬೇಸಿಗೆ ದಾಟಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಆದಿಲ್‌ಶಾಹಿಗಳು ಕೂಡ ಮಳೆಯನ್ನು ನಂಬಿ ಕೂರಲಿಲ್ಲ: ತೊರವಿಯ ಕಡೆಯಿಂದ ನೆಲದೊಳಗೆ ಕರೇಜ್ ಎಂಬ ಸುರಂಗ ಕಾಲುವೆ ಕೊರೆದು ನೀರು ತಂದರು, 1620ರಲ್ಲಿ ತಾಜ್ ಬಾವಡಿ ಕಟ್ಟಿಸಿದರು, 1651ರಲ್ಲಿ ಬೇಗಂ ತಲಾಬ್. ನೀವು ಒಂಬತ್ತು ಜನ. ತಲೆಗೆ ಮೂರರಂತೆ ಇಪ್ಪತ್ತೇಳು ಸಸಿ. ವಾರಕ್ಕೆ ಆರು ಕೊಡ ಹೊರುವುದು ಯಾರಿಗೂ ಭಾರವಲ್ಲ.

ಎರೆ ಮಣ್ಣು ಮಳೆಗಾಲದಲ್ಲಿ ನೀರು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಎಳೆ ಬೇರನ್ನು ಹರಿಯುತ್ತದೆ. ಆದ್ದರಿಂದ ಗುಂಡಿಯ ಮಣ್ಣಿಗೆ ಗರಸು, ತಿಪ್ಪೆಗೊಬ್ಬರ ಬೆರೆಸಿ, ಬುಡಕ್ಕೆ ಕಬ್ಬಿನ ರವದಿ ಹೊದಿಸಿ. ಕಾರ್ಯಕ್ರಮದಲ್ಲಿ ನೆಟ್ಟು ಒಣಗಿದ ಸಸಿಯೊಂದನ್ನು ಕಿತ್ತು ನೋಡಿ. ಎಷ್ಟೋ ಸಲ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೆಯೇ ಇರುತ್ತದೆ, ಬೇರುಗಳು ಅದರೊಳಗೇ ಸುರುಳಿ ಸುತ್ತಿಕೊಂಡು ಮಣ್ಣನ್ನು ಮುಟ್ಟದೆಯೇ ಸತ್ತಿರುತ್ತವೆ. ಫೋಟೊದ ಗಡಿಬಿಡಿಯಲ್ಲಿ ಚೀಲ ಹರಿಯಲು ಯಾರಿಗೂ ಪುರುಸೊತ್ತು ಇರಲಿಲ್ಲ!

ಹೊಸ ಸಸಿಗಿಂತ ಹಳೆಯ ಮರಕ್ಕೆ ನಿಮ್ಮ ಸೇವೆ ಹೆಚ್ಚು ಬೇಕಾಗಿದೆ. ಬುಡದವರೆಗೂ ಕಾಂಕ್ರೀಟ್ ಮೆತ್ತಿ, ಮೈಗೆ ಟ್ಯೂಷನ್ ಕ್ಲಾಸಿನ ಜಾಹೀರಾತು ಮೊಳೆ ಹೊಡೆದ ಬೇವಿನ ಮರಗಳನ್ನು ನೀವು ದಿನವೂ ನೋಡುತ್ತೀರಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಅದನ್ನೇ ಮುಂದಿಟ್ಟು ಇಲ್ಲಿಯೂ ಅನುಮತಿ ಕೇಳಿ. ಮೊಳೆ ಕೀಳಲು ಒಂದು ಇಕ್ಕಳ ಸಾಕು, ಭಾಷಣ ಬೇಕಿಲ್ಲ.

ಜೂನ್ 5 ವಿಶ್ವ ಪರಿಸರ ದಿನ; ಕ್ಯಾಲೆಂಡರಿಗೆ ಸರಿ, ನಮ್ಮೂರಿನ ಮಣ್ಣಿಗೆ ಸರಿಯಲ್ಲ. ಅದು ಇನ್ನೂ ರೋಹಿಣಿ ಮಳೆಯ ಕೊನೆ. ಗುಂಡಿಯ ತಳ ಕಾದಿರುತ್ತದೆ. ಎರಡು ಹದ ಮಳೆ ಬೀಳುವವರೆಗೆ ಕಾಯಿರಿ. ಮುಖ್ಯ ಅತಿಥಿಗಳು ಬೇಕೇ ಬೇಕು ಎಂದಾದರೆ ಮಾರ್ಚ್ ತಿಂಗಳಲ್ಲಿ ಕರೆಯಿರಿ. ಹಾರ, ಶಾಲು ಬೇಡ. ಕೈಗೆ ಎರಡು ಕೊಡ ಕೊಟ್ಟು ಸಸಿ ತೋರಿಸಿ.