ಬೋಟಿನ ಗೇರ್ ಲಿವರ್ ಬಿಗಿಯಾದಾಗ ಮೊದಲು ಎಲ್ಲಿ ಕೈಹಾಕಬೇಕು?

ಪ್ರಶ್ನೆ: ಹೊನ್ನಾವರದಲ್ಲಿ ಶರಾವತಿ ಹಿನ್ನೀರಿಗೆ ಪ್ರವಾಸಿಗರನ್ನು ಕರೆದುಕೊಂಡು ಹೋಗುವ ಚಿಕ್ಕ ಫೈಬರ್ ಬೋಟು ನನ್ನದು. 40 ಎಚ್‌ಪಿಯ ಹಳೆಯ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ) ಎಂಜಿನ್. ಗೇರ್, ಆಕ್ಸಿಲರೇಟರ್ ಎರಡಕ್ಕೂ ಬದಿಯ ಕಂಟ್ರೋಲ್ ಬಾಕ್ಸ್‌ನಲ್ಲಿ ಒಂದೇ ಲಿವರ್. ಈಚೆಗೆ ಅದು ತುಂಬಾ ಬಿಗಿಯಾಗಿದೆ. ಗೇರ್ ತಡವಾಗಿ ಬೀಳುತ್ತದೆ. ಕೆಲವು ಸಲ ನ್ಯೂಟ್ರಲ್‌ಗೆ ತಂದರೂ ಬೋಟು ಮುಂದೆ ಹೋಗುತ್ತಲೇ ಇರುತ್ತದೆ. ಕೇಬಲ್ ಅಡ್ಜಸ್ಟ್ ಮಾಡಿಸಿದೆ, ಒಂದು ವಾರ ಸರಿಯಿತ್ತು. ಇಡೀ ಕಂಟ್ರೋಲ್ ಬದಲಿಸಬೇಕೇ?

ಉತ್ತರ: ಇಡೀ ಕಂಟ್ರೋಲ್ ಬದಲಿಸುವ ಅಗತ್ಯ ಬಹುಶಃ ಇಲ್ಲ. ಆದರೆ ಇದು ಸರಿಯಾಗುವವರೆಗೆ ದಯವಿಟ್ಟು ಯಾರನ್ನೂ ಹತ್ತಿಸಬೇಡಿ. ನ್ಯೂಟ್ರಲ್‌ನಲ್ಲಿ ಫ್ಯಾನ್ (ಪ್ರೊಪೆಲ್ಲರ್) ಮೆಲ್ಲಗೆ ತಿರುಗುವುದು ಗೇರ್ ಎಣ್ಣೆಯ ಎಳೆತದಿಂದಲೂ ಇರಬಹುದು, ಅದು ದೊಡ್ಡ ವಿಷಯವಲ್ಲ. ಬೋಟು ಮುಂದಕ್ಕೆ ಹೋಗುತ್ತಿದೆ ಎಂದರೆ ಗೇರ್ ಬಿಟ್ಟಿಲ್ಲ ಎಂದೇ ಅರ್ಥ. ಇಳಿಯುವವರು ಒಂದು ಕಾಲು ದಕ್ಕೆಯ ಮೇಲೆ, ಇನ್ನೊಂದು ಬೋಟಿನ ಮೇಲೆ ಇಟ್ಟಿರುವಾಗ ಹಾಗಾದರೆ ಏನಾದೀತು ಎಂದು ನಿಮಗೆ ಹೇಳಬೇಕಿಲ್ಲ.

ಅಡ್ಜಸ್ಟ್ ಮಾಡಿದ್ದು ಒಂದೇ ವಾರ ಬಾಳಿತು ಅಂದಿರಲ್ಲ, ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಅದೇ. ಸವೆತ ಬೇರೆ ಎಲ್ಲೋ ಇದೆ. ಅದನ್ನು ಹುಡುಕದೆ ಕೇಬಲ್ ತುದಿ ತಿರುಗಿಸಿದರೆ ಒಂದು ಗೇರಿನ ಓಟವನ್ನು ಕಿತ್ತು ಇನ್ನೊಂದಕ್ಕೆ ಕೊಟ್ಟಂತಾಗುತ್ತದೆ. ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಮುಂದಿನ ಗೇರ್ ಚೆನ್ನಾಗಿ ಬೀಳುವ ಹಾಗೆ ಕೇಬಲ್ ಎಳೆದು ಕೂರಿಸಿದೆ. ಸಂಜೆ ದಕ್ಕೆಗೆ ಬರುವಾಗ ರಿವರ್ಸ್ ಬೀಳಲೇ ಇಲ್ಲ. ಬೋಟಿನ ಮೂತಿ ಕಲ್ಲಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಆ ಸದ್ದು ಇನ್ನೂ ನೆನಪಿದೆ.

ಗೇರ್ ಅರ್ಧಂಬರ್ಧ ಬಿದ್ದರೆ ಯಾಕೆ ಅಷ್ಟು ಹಾಳು ಅಂದರೆ, ಎಂಜಿನ್ ಓಡುತ್ತಿರುವಾಗ ಕೆಳಗಿನ ಗೇರ್‌ಕೇಸ್‌ನಲ್ಲಿ ಮುಂದಿನ ಗೇರ್, ಹಿಂದಿನ ಗೇರ್ ಎರಡೂ ಯಾವಾಗಲೂ ತಿರುಗುತ್ತಲೇ ಇರುತ್ತವೆ. ನಡುವೆ ಹಲ್ಲುಳ್ಳ ಒಂದು ಕ್ಲಚ್ ತುಂಡು ಫ್ಯಾನಿನ ಶಾಫ್ಟ್ ಮೇಲೆ ಜಾರಿ, ಎರಡರಲ್ಲಿ ಒಂದನ್ನು ಹಿಡಿಯುತ್ತದೆ. ಪೂರ್ತಿ ಹಿಡಿಯದೆ ತುದಿಯಲ್ಲೇ ತಾಗಿದರೆ ಕಟಕಟ ಎಂದು ಹಲ್ಲಿನ ಅಂಚು ಸವೆದು ದುಂಡಾಗುತ್ತದೆ. ಆಮೇಲೆ ಜೋರು ಕೊಟ್ಟಾಗ ಗೇರ್ ತಾನಾಗಿಯೇ ಕಳಚುತ್ತದೆ. ಆ ಹಂತಕ್ಕೆ ಹೋದರೆ ಗೇರ್‌ಕೇಸ್ ಬಿಚ್ಚಲೇಬೇಕು. ಅದರ ಮುಂದೆ ಕೇಬಲ್ಲಿನ ಖರ್ಚು ಏನೂ ಅಲ್ಲ.

ಈಗ ದೋಷ ಎಲ್ಲಿದೆ ಎಂದು ನೋಡೋಣ. ಚಾವಿ ತೆಗೆಯಿರಿ, ಎಂಜಿನ್ ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್ಚಿನ ದಾರವನ್ನೂ ಕೀಳಿರಿ. ಎಂಜಿನ್ ಮುಚ್ಚಳ ತೆಗೆದು, ಗೇರ್ ಕೇಬಲ್ಲಿನ ತುದಿಯನ್ನು ಪಿನ್ನಿನಿಂದ ಬಿಡಿಸಿ. ಅಲ್ಲಿರುವ ಗೇರ್ ತೋಳನ್ನು ಕೈಯಲ್ಲೇ ಆಡಿಸಿ. ಜೊತೆಗಿರುವವರು ಫ್ಯಾನನ್ನು ಮೆಲ್ಲಗೆ ತಿರುಗಿಸುತ್ತಿರಲಿ. ನಿಂತ ಎಂಜಿನ್ನಿನಲ್ಲಿ ಹಲ್ಲಿಗೆ ಹಲ್ಲು ಎದುರಾಗಿ ನಿಂತರೆ ಗೇರ್ ಬೀಳುವುದಿಲ್ಲ, ಅದಕ್ಕೆ ಬಲ ಹಾಕಬೇಡಿ. ಮೂರೂ ಸ್ಥಾನ ಸಲೀಸಾಗಿ ಸಿಕ್ಕರೆ ಆ ತೋಳಿನಿಂದ ಗೇರ್‌ಕೇಸ್‌ಗೆ ಇಳಿಯುವ ಸಂಪರ್ಕದ ರಾಡ್ ಬಿಗಿಯಾಗಿಲ್ಲ ಎಂದಾಯಿತು. ಹಲ್ಲಿನ ಸವೆತ ಇದರಲ್ಲಿ ತಿಳಿಯುವುದಿಲ್ಲ, ಅದಕ್ಕೆ ಗೇರ್ ಎಣ್ಣೆ ಇಳಿಸಿ ನೋಡಿ. ಲೋಹದ ಚೂರು ಬಂದರೆ ಒಳಗೆ ಸವೆಯುತ್ತಿದೆ, ಹಾಲಿನ ಬಣ್ಣವಾಗಿದ್ದರೆ ನೀರು ಸೇರಿದೆ.

ಈಗ ಲಿವರ್ ಆಡಿಸಿ. ಇನ್ನೂ ಬಿಗಿಯಾಗಿದ್ದರೆ ತೊಂದರೆ ಬಾಕ್ಸ್‌ನಲ್ಲೋ ಕೇಬಲ್‌ನಲ್ಲೋ ಇದೆ. ಬಾಕ್ಸ್ ಕಡೆಯ ತುದಿಯನ್ನೂ ಬಿಡಿಸಿ, ಕೇಬಲ್ಲನ್ನು ಕೈಯಲ್ಲೇ ಎಳೆದು ತಳ್ಳಿ ನೋಡಿ. ಉಪ್ಪು ನೀರಿನ ಬೋಟುಗಳಲ್ಲಿ ಹೆಚ್ಚಾಗಿ ಕೆಡುವುದು ಕೇಬಲ್ಲೇ, ಅದರಲ್ಲೂ ಎಂಜಿನ್ ಕಡೆಯ ತುದಿ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಅದು ಬಾಗುತ್ತದೆ, ನೀರು ಎರಚುವುದೂ ಅಲ್ಲೇ. ಮೇಲಿನ ಕವಚ ಬಿರುಕು ಬಿಟ್ಟಿದ್ದರೆ, ಕಂದು ಕಲೆ ಕಂಡರೆ, ಬೇರೆ ಯೋಚನೆ ಬೇಡ. ಬದಲಿಸಿ.

ಕೇಬಲ್ ಸಲೀಸಾಗಿ ಓಡಿದರೆ ಬಾಕ್ಸ್ ಬಿಚ್ಚಿ. ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಫೋಟೊ ತೆಗೆಯಿರಿ, ಸ್ಪ್ರಿಂಗ್‌ಗಳು ಹಾರಿಹೋಗುತ್ತವೆ. ಹಳೆಯ ಗ್ರೀಸ್ ಗಟ್ಟಿಯಾಗಿರುತ್ತದೆ, ಪೂರ್ತಿ ತೊಳೆದು ಮೆರೈನ್ ಗ್ರೀಸ್ ಹಾಕಿ. ಪ್ಲಾಸ್ಟಿಕ್ ಬುಶ್‌ಗಳು, ಪಿನ್ನುಗಳು, ಪಿನ್ ಕೂರುವ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ತೂತು ದುಂಡಗಿಲ್ಲದೆ ಮೊಟ್ಟೆಯಾಕಾರ ಆಗಿದೆಯಾ? ಅಲ್ಲಿ ಒಂದು ಮಿ.ಮೀ., ಇಲ್ಲಿ ಎರಡು ಮಿ.ಮೀ., ಹೀಗೆ ಕಳೆದುಹೋದದ್ದೆಲ್ಲ ಕೂಡಿ ಗೇರ್ ಪೂರ್ತಿ ಬೀಳುವುದಿಲ್ಲ. ಬುಶ್, ಪಿನ್ ಚಿಕ್ಕ ಸಾಮಾನು. ಲಿವರಿನ ಲೋಹವೇ ಸವೆದಿದ್ದರೆ ಮಾತ್ರ ಬಾಕ್ಸ್ ಬದಲಿಸುವ ಮಾತು.

ಹೊಸ ಕೇಬಲ್ ಕೊಳ್ಳುವಾಗ ಹಳೆಯದರ ಮೈಮೇಲೆ ಅಚ್ಚಾದ ಅಳತೆ ನೋಡಿ. ಅಳಿಸಿಹೋಗಿದ್ದರೆ ನೇರ ಮಾಡಿ ತುದಿಯಿಂದ ತುದಿಗೆ ಅಳೆಯಿರಿ, ಅಡಿಯ ಲೆಕ್ಕದಲ್ಲಿ ಸಿಗುತ್ತದೆ. ಎಲ್ಲೂ 8 ಇಂಚಿಗಿಂತ ಚಿಕ್ಕ ರೇಡಿಯಸ್‌ನಲ್ಲಿ ಬಗ್ಗಿಸಬೇಡಿ. ಆಕ್ಸಿಲರೇಟರ್ ಕೇಬಲ್ಲೂ ಅಷ್ಟೇ ಹಳೆಯದಾದರೆ ಅದನ್ನೂ ಈಗಲೇ ಹಾಕಿಸಿಬಿಡಿ ಎಂಬುದು ನನ್ನ ಸಲಹೆ.

ಜೋಡಿಸುವಾಗ ಮೊದಲು ಗೇರ್, ಆಮೇಲೆ ಆಕ್ಸಿಲರೇಟರ್. ಲಿವರ್ ನ್ಯೂಟ್ರಲ್‌ನಲ್ಲಿರಲಿ, ಎಂಜಿನ್ ಕಡೆಯ ತೋಳೂ ನ್ಯೂಟ್ರಲ್‌ನಲ್ಲಿರಲಿ. ಕೇಬಲ್ ತುದಿಯನ್ನು ತಿರುಗಿಸುತ್ತಾ, ಎಳೆಯದೆ ತಳ್ಳದೆ ತಾನಾಗಿ ಪಿನ್ನಿನ ಮೇಲೆ ಕೂರುವ ಜಾಗ ಹಿಡಿಯಿರಿ. ನಿಮ್ಮ ಎಂಜಿನ್ ಯಮಹಾ ಆಗಿದ್ದರೆ ತುದಿಯ ತುಂಡು ಕೇಬಲ್ಲಿನ ಥ್ರೆಡ್ ಮೇಲೆ ಕಡಿಮೆಯೆಂದರೂ 8 ಮಿ.ಮೀ. ತಿರುಗಿ ಕೂತಿರಬೇಕು. ಕಡಿಮೆಯಾದರೆ ಓಡುವಾಗ ಕಳಚಿಕೊಂಡೀತು. ಲಾಕ್ ನಟ್ ಬಿಗಿ ಮಾಡಿ, ಕ್ಲಿಪ್ ಮರೆಯಬೇಡಿ. ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಕೇಬಲ್ ಎಲ್ಲೂ ಸೆಳೆಯುವುದಿಲ್ಲ ಎಂದು ನೋಡಿ.

ಕೊನೆಗೆ ಬೋಟನ್ನು ಗಟ್ಟಿಯಾಗಿ ಕಟ್ಟಿ ನೀರಿನಲ್ಲೇ ಪರೀಕ್ಷೆ. ಲಿವರ್ ಗೇರಿನಲ್ಲಿದ್ದಾಗ ಎಂಜಿನ್ ಸ್ಟಾರ್ಟ್ ಆಗಲೇಬಾರದು. ಹಾಗೇನಾದರೂ ಸ್ಟಾರ್ಟ್ ಆದರೆ ಬಾಕ್ಸ್‌ನೊಳಗಿನ ನ್ಯೂಟ್ರಲ್ ಸ್ವಿಚ್ ಕೆಟ್ಟಿದೆ ಎಂದರ್ಥ, ಅದನ್ನು ಹಾಗೇ ಬಿಡಬೇಡಿ. ಇನ್ನು ಗೇರ್ ಹಾಕುವಾಗ ಎಂಜಿನ್ ಐಡಲ್‌ನಲ್ಲಿರಲಿ, ಕೈ ಮಾತ್ರ ಚುರುಕಾಗಿರಲಿ. ನಾಜೂಕಾಗಿ ಮೆಲ್ಲಗೆ ಹಾಕಿದರೆ ಒಳ್ಳೆಯದು ಎಂದು ತುಂಬಾ ಜನ ತಿಳಿದಿದ್ದಾರೆ. ಹಲ್ಲು ಸವೆಯುವುದು ಹಾಗೆ ಮಾಡಿದಾಗಲೇ.

ಪ್ರಶ್ನೆ: ಕೇಬಲ್ ಬಿಗಿಯಾದರೆ ಒಳಗೆ ಎಣ್ಣೆ ಬಿಟ್ಟರೆ ಸಾಲದೇ? (ಮಲ್ಪೆಯ ಓದುಗರು)

ಉತ್ತರ: ಸಾಲದು. ನಾಲ್ಕು ದಿನ ಸಲೀಸು ಅನ್ನಿಸಬಹುದು, ಆದರೆ ಒಳಗಿನ ತುಕ್ಕು ಹಾಗೇ ಇರುತ್ತದೆ. ಈ ಕೇಬಲ್ ಎಳೆಯಲೂ ಬೇಕು, ತಳ್ಳಲೂ ಬೇಕು. ಒಳಗಿನ ತಂತಿ ಸೊಟ್ಟಗಾದರೆ ಎಳೆಯುತ್ತದೆ, ತಳ್ಳುವಾಗ ಮಡಚಿಕೊಳ್ಳುತ್ತದೆ. ಅಳಿವೆಯ ಬಾಯಲ್ಲಿ ಒಂದು ಗೇರ್ ಕೈಕೊಟ್ಟರೆ ಏನು ಮಾಡುತ್ತೀರಿ? ಎಣ್ಣೆಯ ಬದಲು, ದಿನದ ಕೆಲಸ ಮುಗಿದ ಮೇಲೆ ಕೇಬಲ್ ತುದಿಗಳನ್ನು ಸಿಹಿನೀರಿನ ಬಟ್ಟೆಯಿಂದ ಒರೆಸಿ, ಹೊರಗೆ ಕಾಣುವ ರಾಡಿಗೆ ತೆಳ್ಳಗೆ ಮೆರೈನ್ ಗ್ರೀಸ್ ಸವರಿ.